ವೇದಾಂತದ ದಾರಿಯಲ್ಲಿ ಧ್ಯಾನ: ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಧ್ಯಾನ ಕಲಿಯಬೇಕೆಂದು ಹೊರಟವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಇಲ್ಲಿನ ಉತ್ತರಗಳಿಗೆ ಉಪನಿಷತ್ತುಗಳು, ಭಗವದ್ಗೀತೆ, ಬ್ರಹ್ಮಸೂತ್ರ ಹಾಗೂ ಅವುಗಳಿಗೆ ಶಂಕರಾಚಾರ್ಯರು ಬರೆದ ಭಾಷ್ಯಗಳೇ ಮುಖ್ಯ ಆಧಾರ. ಬೇರೆ ಆಚಾರ್ಯರ ಮತ ಬಂದಲ್ಲಿ ಅದನ್ನು ಹೆಸರಿಸಿಯೇ ಹೇಳಿದ್ದೇನೆ.

ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದೇ?

ಅಲ್ಲ. ಈ ಒಂದು ತಪ್ಪು ಕಲ್ಪನೆಯಿಂದಾಗಿ ಎಷ್ಟೋ ಜನ ಕೂತ ಮೊದಲ ವಾರದಲ್ಲೇ ಧ್ಯಾನವನ್ನು ಕೈಬಿಡುತ್ತಾರೆ. ಹತ್ತು ನಿಮಿಷ ಕಣ್ಣು ಮುಚ್ಚಿ, ಯೋಚನೆಗಳು ನಿಲ್ಲಲಿಲ್ಲವೆಂದು ಕೊರಗಿ, ಇದು ತಮಗೆ ಹೇಳಿಸಿದ್ದಲ್ಲ ಎಂದು ತೀರ್ಮಾನಿಸಿಬಿಡುತ್ತಾರೆ.

ಗೀತೆಯ 12ನೆಯ ಅಧ್ಯಾಯದ 3ನೆಯ ಶ್ಲೋಕದ ಭಾಷ್ಯದಲ್ಲಿ ಶಂಕರರು ಉಪಾಸನೆ ಏನೆಂಬುದನ್ನು ಬಿಡಿಸಿ ಹೇಳಿದ್ದಾರೆ. ಶಾಸ್ತ್ರ ತಿಳಿಸಿದ ರೀತಿಯಲ್ಲಿ ಉಪಾಸ್ಯವನ್ನು ಮನಸ್ಸಿಗೆ ತಂದುಕೊಂಡು, ಎಣ್ಣೆಯ ಧಾರೆಯಂತೆ ಕಡಿಯದೆ ಹರಿಯುವ ಒಂದೇ ಬಗೆಯ ಪ್ರತ್ಯಯಗಳಲ್ಲಿ, ಅಂದರೆ ಯೋಚನೆಗಳಲ್ಲಿ, ದೀರ್ಘಕಾಲ ನೆಲೆಸುವುದೇ ಉಪಾಸನೆ. ಇಲ್ಲಿ ಮನಸ್ಸು ಸುಮ್ಮನಿಲ್ಲ, ಕೆಲಸ ಮಾಡುತ್ತಲೇ ಇದೆ. ಹತ್ತು ಕಡೆ ಚದುರುವ ಬದಲು ಒಂದೇ ಕಡೆ ಹರಿಯುತ್ತಿದೆ, ಅಷ್ಟೇ. ಆರಂಭಿಕನ ಗುರಿ ಯೋಚನೆಯೇ ಇಲ್ಲದ ಸ್ಥಿತಿಯಲ್ಲ. ಒಂದು ಪವಿತ್ರ ವಿಷಯದ ಕಡೆಗೆ ಮನಸ್ಸನ್ನು ಮತ್ತೆ ಮತ್ತೆ ತಿರುಗಿಸುವುದೇ ಅವನ ಗುರಿ.

ಪತಂಜಲಿಯ ಯೋಗಕ್ಕೂ ವೇದಾಂತದ ಧ್ಯಾನಕ್ಕೂ ಏನು ವ್ಯತ್ಯಾಸ?

ಅಭ್ಯಾಸದ ಮಟ್ಟದಲ್ಲಿ ಬಹಳ ಹತ್ತಿರ, ತತ್ತ್ವದ ಮಟ್ಟದಲ್ಲಿ ದೂರ. ಯೋಗದರ್ಶನದ ಪ್ರಕಾರ ಪುರುಷರು (ಚೇತನರಾದ ಆತ್ಮರು) ಅನೇಕರು, ಪ್ರಕೃತಿಯು (ಜಡ ಜಗತ್ತಿನ ಮೂಲ) ಅವರಿಂದ ಬೇರೆಯಾದ ಸ್ವತಂತ್ರ ತತ್ತ್ವ, ಚಿತ್ತವೃತ್ತಿಗಳ, ಅಂದರೆ ಮನಸ್ಸಿನಲ್ಲಿ ಏಳುವ ಅಲೆಗಳ, ನಿರೋಧವೇ ಯೋಗ. ಜೀವ ಮತ್ತು ಬ್ರಹ್ಮ ಒಂದೇ ಎನ್ನುವ ಶಂಕರರ ಅದ್ವೈತಕ್ಕೆ ಈ ತತ್ತ್ವವಿಭಾಗ ಒಪ್ಪಿಗೆಯಿಲ್ಲ. ಬ್ರಹ್ಮಸೂತ್ರದ 2.1.3ರಲ್ಲಿ ಯೋಗಸ್ಮೃತಿಯ, ಅಂದರೆ ಯೋಗಶಾಸ್ತ್ರದ, ನಿರಾಕರಣೆಯೂ ಇದೆ. ಆದರೆ ಅದೇ ಸೂತ್ರದ ಭಾಷ್ಯದಲ್ಲಿ ಶಂಕರರು ವೇದಕ್ಕೆ ವಿರುದ್ಧವಲ್ಲದ ಭಾಗವನ್ನು ಒಪ್ಪಿಕೊಳ್ಳುತ್ತಾರೆ. ದೇಹವನ್ನು ನೆಟ್ಟಗಿರಿಸಿ ಕೂರುವ ಯೋಗವಿಧಿ ಶ್ವೇತಾಶ್ವತರ ಉಪನಿಷತ್ತಿನಲ್ಲೇ ಇದೆಯಲ್ಲ. ಹಾಗಾಗಿ ಯೋಗಾಸನ ಕಲಿತವರು ಅದನ್ನು ಬಿಡಬೇಕಾಗಿಲ್ಲ.

ಧ್ಯಾನ ಮಾಡಿದರೆ ಮೋಕ್ಷ ಸಿಗುತ್ತದೆಯೇ?

ಅದ್ವೈತದ ಉತ್ತರ ಕೇಳಿ ಹಲವರು ಬೆಚ್ಚುತ್ತಾರೆ: ಧ್ಯಾನ ಎಂಬ ಕ್ರಿಯೆಯಿಂದ ಮೋಕ್ಷ ಹುಟ್ಟುವುದಿಲ್ಲ, ಮೋಕ್ಷಕ್ಕೆ ಜ್ಞಾನವೇ ಸಾಧನ. ಈ ವಿಷಯದಲ್ಲಿ ತುಸು ನಿಧಾನಿಸಬೇಕು, ಏಕೆಂದರೆ ವೇದಾಂತದ ಧ್ಯಾನವನ್ನು ಬೇರೆ ಧ್ಯಾನಗಳಿಂದ ಬೇರ್ಪಡಿಸುವ ಗೆರೆ ಇಲ್ಲಿಯೇ ಇದೆ.

ಬ್ರಹ್ಮಸೂತ್ರದ ನಾಲ್ಕನೆಯ ಸೂತ್ರದ (1.1.4) ಭಾಷ್ಯದಲ್ಲಿ ಶಂಕರರು ಜ್ಞಾನ ಮತ್ತು ಧ್ಯಾನಗಳ ನಡುವೆ ಒಂದು ಸ್ಪಷ್ಟ ಭೇದ ಮಾಡುತ್ತಾರೆ. ಎರಡೂ ಮನಸ್ಸಿನಲ್ಲೇ ನಡೆಯುತ್ತವೆ. ಆದರೂ ಧ್ಯಾನವು ಪುರುಷತಂತ್ರ, ಅಂದರೆ ಮಾಡುವವನ ಕೈಯಲ್ಲಿರುವುದು. ಅದನ್ನು ಮಾಡಬಹುದು, ಮಾಡದೆ ಇರಬಹುದು, ಬೇರೆ ರೀತಿಯಲ್ಲಿಯೂ ಮಾಡಬಹುದು. ಜ್ಞಾನವು ವಸ್ತುತಂತ್ರ, ಅಂದರೆ ವಸ್ತು ಇರುವಂತೆಯೇ ಆಗುವುದು. ಕಣ್ಣೆದುರು ಇರುವುದು ಬೆಂಕಿಯಾದರೆ ಅದು ಬೆಂಕಿ ಎಂದೇ ತಿಳಿಯುತ್ತದೆ, ನಮ್ಮ ಇಷ್ಟದಂತೆ ಬೇರೊಂದಾಗಿ ತಿಳಿಯುವುದಿಲ್ಲ. ನಾನು ನಿಜವಾಗಿ ಯಾರು ಎಂಬುದು ವಸ್ತುವಿನ ಪ್ರಶ್ನೆ. ಅದನ್ನು ನಾನು ತಿಳಿಯಬೇಕಾಗಿದೆ, ಉಂಟುಮಾಡಬೇಕಾಗಿಲ್ಲ. ಧ್ಯಾನದಿಂದ ಉಂಟಾದ ಯಾವುದೇ ಸ್ಥಿತಿಗೆ ಆರಂಭವಿದೆ. ಆರಂಭವಿರುವುದಕ್ಕೆ ಅಂತ್ಯವೂ ಇದೆ. ಅಂಥ ಸ್ಥಿತಿಯನ್ನು ಮೋಕ್ಷ ಎಂದು ಕರೆಯಲಾಗದು.

ಇದನ್ನು ಅರ್ಥ ಮಾಡಿಕೊಂಡವರಿಗೆ ಒಂದು ದೊಡ್ಡ ಬಿಡುಗಡೆ ಮೊದಲ ದಿನವೇ ಸಿಗುತ್ತದೆ. ಧ್ಯಾನದಲ್ಲಿ ಏನಾದರೂ ಅದ್ಭುತ ಸಂಭವಿಸಲೇಬೇಕು ಎಂಬ ಕಾತರ ಕಳಚಿಬೀಳುತ್ತದೆ.

ಹಾಗಾದರೆ ಧ್ಯಾನ ಏಕೆ ಮಾಡಬೇಕು? ಓದಿ ತಿಳಿದುಕೊಂಡರೆ ಸಾಲದೇ?

ಓದಿದ್ದು ನಿಲ್ಲಲು ಯೋಗ್ಯವಾದ ಮನಸ್ಸು ಬೇಕು. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯರು ಮೈತ್ರೇಯಿಗೆ ಹೇಳುವ ಮಾತು ಎಲ್ಲ ವೇದಾಂತಿಗಳಿಗೂ ಪರಿಚಿತ: ಆತ್ಮನನ್ನು ಕಾಣಬೇಕು, ಅದಕ್ಕಾಗಿ ಕೇಳಬೇಕು, ಮನನ ಮಾಡಬೇಕು, ನಿದಿಧ್ಯಾಸನ (ತಿಳಿದದ್ದರಲ್ಲೇ ಮನಸ್ಸನ್ನು ನೆಲೆಗೊಳಿಸುವುದು) ಮಾಡಬೇಕು. ಶ್ರವಣದಿಂದ ವಿಷಯ ತಿಳಿಯುತ್ತದೆ, ಮನನದಿಂದ ಸಂಶಯ ಕಳೆಯುತ್ತದೆ. ಇಷ್ಟಾದ ಮೇಲೂ ದೇಹವೇ ನಾನು ಎಂಬ ಹಳೆಯ ರೂಢಿ ಉಳಿದಿರುತ್ತದೆ. ಯಾರಾದರೂ ಒಂದು ಕಟು ಮಾತು ಆಡಿದರೆ ಸಾಕು, ಓದಿದ್ದೆಲ್ಲ ಮರೆತು ಮುಖ ಕೆಂಪಾಗುತ್ತದೆ. ಆ ರೂಢಿಯನ್ನು ಸಡಿಲಿಸುವುದು ನಿದಿಧ್ಯಾಸನದ ಕೆಲಸ.

ಇದು ಮುಂದಿನ ಘಟ್ಟ. ಅದಕ್ಕೂ ಮುಂಚೆ ಉಪಾಸನೆ ಬರುತ್ತದೆ. ನಿಷ್ಕಾಮಕರ್ಮದಿಂದ ಚಿತ್ತ ಶುದ್ಧವಾಗುತ್ತದೆ, ಉಪಾಸನೆಯಿಂದ ಚಿತ್ತ ಏಕಾಗ್ರವಾಗುತ್ತದೆ ಎಂಬುದು ಸದಾನಂದರ ವೇದಾಂತಸಾರದಲ್ಲಿ ಬರುವ ಕ್ರಮ. ಆರಂಭಿಕರು ಧ್ಯಾನ ಎಂದು ಮಾಡುವುದು ಬಹುಪಾಲು ಈ ಉಪಾಸನೆಯನ್ನೇ.

ಶೃಂಗೇರಿಯ ವಿದ್ಯಾರಣ್ಯರು ಪಂಚದಶಿಯ ಒಂಬತ್ತನೆಯ ಪ್ರಕರಣವಾದ ಧ್ಯಾನದೀಪದಲ್ಲಿ ಇದಕ್ಕೊಂದು ಸೊಗಸಾದ ದೃಷ್ಟಾಂತ ಕೊಡುತ್ತಾರೆ. ಇಬ್ಬರಿಗೆ ದೂರದಲ್ಲಿ ಹೊಳಪು ಕಾಣುತ್ತದೆ. ಒಬ್ಬನಿಗೆ ಕಂಡದ್ದು ಮಣಿಯ ಪ್ರಭೆ, ಇನ್ನೊಬ್ಬನಿಗೆ ಕಂಡದ್ದು ದೀಪದ ಪ್ರಭೆ. ಪ್ರಭೆಯನ್ನೇ ಮಣಿ ಎಂದು ತಿಳಿದು ಇಬ್ಬರೂ ಓಡುತ್ತಾರೆ. ಇಬ್ಬರದ್ದೂ ಭ್ರಮೆಯೇ. ಆದರೂ ಮೊದಲನೆಯವನಿಗೆ ಮಣಿ ಸಿಗುತ್ತದೆ. ಇದಕ್ಕೆ ಸಂವಾದಿಭ್ರಮ, ಅಂದರೆ ಫಲ ಕೊಡುವ ಭ್ರಮೆ, ಎಂದು ಹೆಸರು. ಬ್ರಹ್ಮವನ್ನು ಉಪಾಸನೆ ಮಾಡುವವನು ಇನ್ನೂ ತತ್ತ್ವವನ್ನು ನೇರವಾಗಿ ಅರಿತಿಲ್ಲದಿದ್ದರೂ ಅವನ ಓಟ ಸರಿಯಾದ ದಿಕ್ಕಿಗಿದೆ. ಹೊಸಬರಿಗೆ ಇದಕ್ಕಿಂತ ಧೈರ್ಯ ತುಂಬುವ ಮಾತನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾಳೆಯೇ ಶುರು ಮಾಡಬೇಕು. ಏನು ಮಾಡಲಿ?

ನಾಮಜಪದಿಂದ ಶುರು ಮಾಡಿ. "ಯಜ್ಞಾನಾಂ ಜಪಯಜ್ಞೋಽಸ್ಮಿ", ಯಜ್ಞಗಳಲ್ಲಿ ನಾನು ಜಪಯಜ್ಞ ಎಂದು ಗೀತೆಯಲ್ಲಿ (10.25) ಕೃಷ್ಣನೇ ಹೇಳಿದ್ದಾನೆ.

ಬೆಳಿಗ್ಗೆ ಮುಖ ತೊಳೆದು, ಸಾಧ್ಯವಾದರೆ ಸ್ನಾನ ಮುಗಿಸಿ, ದಿನವೂ ಒಂದೇ ಜಾಗದಲ್ಲಿ ಕೂರಿ. ಕೂತ ಕೂಡಲೇ ಜಪಕ್ಕೆ ಇಳಿಯಬೇಡಿ. ಒಂದೆರಡು ನಿಮಿಷ ದೇಹವನ್ನು ಗಮನಿಸಿ: ಬಿಗಿದ ಹಲ್ಲು, ಎತ್ತಿದ ಭುಜ, ಗಂಟಿಕ್ಕಿದ ಹುಬ್ಬು ಇವುಗಳನ್ನು ಸಡಿಲಿಸಿ. ಉಸಿರು ತನ್ನಷ್ಟಕ್ಕೆ ಬಂದು ಹೋಗಲಿ. ಆಮೇಲೆ ಇಷ್ಟದೇವತೆಯನ್ನು ನೆನೆದು ನಮಸ್ಕರಿಸಿ. ಈ ನಮಸ್ಕಾರವನ್ನು ಬಿಡಬಾರದು. ಬೆಳಗಿನಿಂದ ರಾತ್ರಿಯವರೆಗೆ ಮಗಳಾಗಿ, ಗಂಡನಾಗಿ, ಅಧಿಕಾರಿಯಾಗಿ, ಸಾಲಗಾರನಾಗಿ ಬದುಕುವ ನಮಗೆ, ಅವೆಲ್ಲವನ್ನೂ ಕೆಳಗಿಟ್ಟು ಬರಿಯ ಭಕ್ತನಾಗಿ ನಿಲ್ಲಲು ಸಿಗುವ ಕ್ಷಣ ಅದು.

ನಂತರ ಒಂದು ನಾಮ: ಓಂ ನಮಃ ಶಿವಾಯ, ಶ್ರೀರಾಮ, ಓಂ ನಮೋ ನಾರಾಯಣಾಯ, ಮನೆಯಲ್ಲಿ ರೂಢಿಯಲ್ಲಿರುವ ಯಾವುದಾದರೂ ಸರಿ. ಮೊದಲು ಕಿವಿಗೆ ಕೇಳುವಂತೆ ಹೇಳಿ, ಆಮೇಲೆ ತುಟಿ ಮಾತ್ರ ಅಲುಗಲಿ, ಕೊನೆಗೆ ಮನಸ್ಸಿನಲ್ಲೇ ನಡೆಯಲಿ. ವಾಚಿಕ, ಉಪಾಂಶು, ಮಾನಸ ಎಂದು ಪರಂಪರೆ ಹೇಳುವ ಮೂರು ಬಗೆಯ ಜಪ ಇದೇ. ಜಪಸರ ಇದ್ದರೆ ಒಳ್ಳೆಯದು. ಒಂದು ನಾಮಕ್ಕೆ ಮೂರು ಸೆಕೆಂಡ್ ಎಂದು ಹಿಡಿದರೂ 108 ಮಣಿಗಳಿಗೆ ಐದೂವರೆ ನಿಮಿಷ ಸಾಕು. ಒಂದು ನಾಮಕ್ಕೂ ಮುಂದಿನದಕ್ಕೂ ನಡುವೆ ಪುಟ್ಟ ಮೌನವಿದೆ. ಅದನ್ನು ತುಂಬಲು ಅವಸರಪಡಬೇಡಿ. ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂತು ಎದ್ದೇಳಿ.

ಮಂತ್ರವನ್ನು ವಾರಕ್ಕೊಮ್ಮೆ ಬದಲಿಸಬೇಡಿ.

ಹೇಗೆ ಕೂರಬೇಕು? ಮಲಗಿಕೊಂಡು ಮಾಡಬಹುದೇ?

ಇದು ತೀರಾ ಸಣ್ಣ ಪ್ರಶ್ನೆ ಎಂದು ಸಂಕೋಚಪಡುವವರಿದ್ದಾರೆ. ಬ್ರಹ್ಮಸೂತ್ರವನ್ನು ರಚಿಸಿದ ಬಾದರಾಯಣರು ಇದಕ್ಕೆಂದೇ ಸೂತ್ರಗಳನ್ನು ಬರೆದಿದ್ದಾರೆ. "ಆಸೀನಃ ಸಂಭವಾತ್" (4.1.7): ಕೂತೇ ಉಪಾಸನೆ ಮಾಡಬೇಕು, ಏಕೆಂದರೆ ಅದು ಸಾಧ್ಯವಾಗುವುದು ಹಾಗೆಯೇ. ಶಂಕರರ ವಿವರಣೆ ಬಹಳ ವ್ಯಾವಹಾರಿಕವಾಗಿದೆ. ನಡೆಯುವಾಗ, ಓಡುವಾಗ ಚಿತ್ತ ಚದುರುತ್ತದೆ. ನಿಂತರೆ ದೇಹವನ್ನು ಹಿಡಿದಿಡುವುದರಲ್ಲೇ ಮನಸ್ಸು ತೊಡಗುತ್ತದೆ. ಮಲಗಿದರೆ ಇದ್ದಕ್ಕಿದ್ದಂತೆ ನಿದ್ದೆ ಆವರಿಸುತ್ತದೆ. ಮುಂದಿನ ಒಂದು ಸೂತ್ರ ಅಚಲತೆಯನ್ನು ನೆನಪಿಸುತ್ತದೆ. ಭೂಮಿ ಧ್ಯಾನಿಸುತ್ತಿರುವಂತಿದೆ ಎಂಬ ಛಾಂದೋಗ್ಯದ ಮಾತನ್ನು ಭಾಷ್ಯಕಾರರು ಅಲ್ಲಿ ಉದಾಹರಿಸುತ್ತಾರೆ.

ಗೀತೆಯ 6ನೆಯ ಅಧ್ಯಾಯ ತೀರಾ ಎತ್ತರವೂ ಅಲ್ಲದ, ತೀರಾ ತಗ್ಗೂ ಅಲ್ಲದ ಆಸನವನ್ನು ಹೇಳುತ್ತದೆ: ಕೆಳಗೆ ದರ್ಭೆ, ಅದರ ಮೇಲೆ ಚರ್ಮ, ಅದರ ಮೇಲೆ ಬಟ್ಟೆ. ಇಂದು ಚಾಪೆ, ಕಂಬಳಿ, ಮೇಲೊಂದು ಪಂಚೆ ಸಾಕು. ಚಕ್ಕಳಮಕ್ಕಳ ಹಾಕಿ, ಸೊಂಟದ ಕೆಳಗೆ ಮಡಿಸಿದ ಬಟ್ಟೆಯನ್ನು ಇಟ್ಟರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ದೇಹ, ಕತ್ತು, ತಲೆ ಒಂದೇ ನೇರದಲ್ಲಿರಲಿ. ಮಂಡಿನೋವಿರುವವರು ಕುರ್ಚಿಯಲ್ಲಿ ಪಾದವನ್ನು ನೆಲಕ್ಕೆ ಊರಿ ಕೂರಬಹುದು. ನೋವನ್ನು ಸಹಿಸಿಕೊಂಡು ಪದ್ಮಾಸನ ಹಾಕಿದರೆ ಧ್ಯಾನ ಮಂಡಿಯ ಮೇಲೆ ನಡೆಯುತ್ತದೆ! ಹಾಸಿಗೆ ಹಿಡಿದವರಿಗೆ ಮಲಗಿಯೇ ನಾಮಸ್ಮರಣೆ ಮಾಡಲು ಯಾವ ಅಡ್ಡಿಯೂ ಇಲ್ಲ.

ಮೂಗಿನ ತುದಿಯನ್ನು ನೋಡಬೇಕಂತೆ, ನನಗೆ ತಲೆನೋವು ಬರುತ್ತದೆ.

ನೋಡಬೇಡಿ. ಗೀತೆಯ 6.13ರಲ್ಲಿ ಬರುವ ಈ ಮಾತಿಗೆ ಶಂಕರರು ಕೊಟ್ಟ ಅರ್ಥ, ನೋಡುತ್ತಿರುವಂತೆ ದೃಷ್ಟಿಯನ್ನು ತಗ್ಗಿಸಿ ನಿಲ್ಲಿಸು ಎಂದು ಮಾತ್ರ. ನಿಜವಾಗಿ ಮೂಗಿನ ತುದಿಯನ್ನೇ ನೋಡುವುದಾದರೆ ಮನಸ್ಸು ಮೂಗಿನಲ್ಲಿ ನಿಲ್ಲುತ್ತದೆಯೇ ಹೊರತು ಆತ್ಮನಲ್ಲಲ್ಲ ಎಂದು ಅವರೇ ಎಚ್ಚರಿಸಿದ್ದಾರೆ. ಕಣ್ಣನ್ನು ಹಗುರವಾಗಿ ಮುಚ್ಚಿ.

ಯಾವ ದಿಕ್ಕು, ಯಾವ ಹೊತ್ತು, ಎಂಥ ಕೋಣೆ?

ಇದಕ್ಕೂ ಒಂದು ಸೂತ್ರವಿದೆ: "ಯತ್ರೈಕಾಗ್ರತಾ ತತ್ರಾವಿಶೇಷಾತ್" (4.1.11). ದಿಕ್ಕು, ದೇಶ, ಕಾಲಗಳ ವಿಶೇಷ ನಿಯಮವಿಲ್ಲ. ಎಲ್ಲಿ ಮನಸ್ಸು ಸುಲಭವಾಗಿ ಏಕಾಗ್ರವಾಗುತ್ತದೆಯೋ ಅಲ್ಲಿ ಕೂರಬಹುದು. ದೇವರ ಮನೆ ಇಲ್ಲದ ಬಾಡಿಗೆ ಮನೆಯಲ್ಲಿ ಮಂಚದ ಪಕ್ಕದ ಮೂರಡಿ ಜಾಗವೂ ಆಗುತ್ತದೆ. ಬ್ರಾಹ್ಮೀ ಮುಹೂರ್ತ ಒಳ್ಳೆಯದು, ಆಗ ಮನೆ ಮತ್ತು ಬೀದಿ ಎರಡೂ ಸದ್ದಿಲ್ಲದೆ ಇರುತ್ತವೆ. ರಾತ್ರಿ ಪಾಳಿ ಮುಗಿಸಿ ಬರುವವರು ತಮ್ಮ ಅನುಕೂಲದ ಹೊತ್ತನ್ನು ಗೊತ್ತು ಮಾಡಿಕೊಂಡು ಅದಕ್ಕೆ ಬದ್ಧರಾದರೆ ಸಾಕು.

ಎಷ್ಟು ಹೊತ್ತು ಕೂರಬೇಕು?

ಮೊದಲ ತಿಂಗಳು ದಿನಕ್ಕೆ ಹತ್ತು ನಿಮಿಷ. ಅದು ತಪ್ಪದೆ ನಡೆದರೆ ಹದಿನೈದು, ಆಮೇಲೆ ಇಪ್ಪತ್ತು. ಭಾನುವಾರ ಒಂದು ಗಂಟೆ ಕೂತು ಉಳಿದ ದಿನ ಬಿಡುವುದಕ್ಕಿಂತ ಇದು ಮೇಲು. "ಆವೃತ್ತಿರಸಕೃದುಪದೇಶಾತ್" (4.1.1) ಎಂಬ ಸೂತ್ರ ಮತ್ತೆ ಮತ್ತೆ ಮಾಡುವುದರ ಮೇಲೇ ಒತ್ತು ಕೊಟ್ಟಿದೆ.

ಮನಸ್ಸು ನಿಲ್ಲುವುದೇ ಇಲ್ಲ. ನನ್ನಲ್ಲೇ ಏನಾದರೂ ದೋಷವಿದೆಯೇ?

ಇದೇ ಅಳಲನ್ನು ಅರ್ಜುನ ತೋಡಿಕೊಂಡಿದ್ದಾನೆ. ಮನಸ್ಸು ಚಂಚಲ, ಕಲಕಿಬಿಡುವಂಥದ್ದು, ಬಲಿಷ್ಠ, ಅದನ್ನು ತಡೆಯುವುದು ಗಾಳಿಯನ್ನು ಹಿಡಿದಷ್ಟೇ ಕಷ್ಟ ಎನ್ನುತ್ತಾನೆ (6.34). ಕೃಷ್ಣ ಅವನನ್ನು ಬೈಯುವುದಿಲ್ಲ. ಸಂಶಯವಿಲ್ಲ, ಅದು ಕಷ್ಟವೇ ಎಂದು ಮೊದಲು ಒಪ್ಪಿಕೊಳ್ಳುತ್ತಾನೆ. ನಂತರ ಅಭ್ಯಾಸ ಮತ್ತು ವೈರಾಗ್ಯ ಎಂಬ ಎರಡು ಉಪಾಯಗಳನ್ನು ಹೇಳುತ್ತಾನೆ.

ಅಭ್ಯಾಸದ ವಿಧಾನ 26ನೆಯ ಶ್ಲೋಕದಲ್ಲಿದೆ. ಮನಸ್ಸು ಎಲ್ಲೆಲ್ಲಿಗೆ ಹೊರಟುಹೋಗುತ್ತದೆಯೋ ಅಲ್ಲಲ್ಲಿಂದ ಹಿಂದಕ್ಕೆ ತಂದು ನಿಲ್ಲಿಸಬೇಕು. ಅದಕ್ಕೆ ಹಿಂದಿನ ಶ್ಲೋಕದಲ್ಲಿ "ಶನೈಃ ಶನೈಃ" ಎಂಬ ಮಾತು ಬರುತ್ತದೆ. ಮೆಲ್ಲ ಮೆಲ್ಲಗೆ, ಧೈರ್ಯದಿಂದ ಕೂಡಿದ ಬುದ್ಧಿಯಿಂದ. ಹತ್ತು ನಿಮಿಷದಲ್ಲಿ ಐವತ್ತು ಸಲ ಮನಸ್ಸು ಓಡಿತು, ಐವತ್ತು ಸಲ ನೀವು ಕರೆತಂದಿರಿ ಎಂದಾದರೆ ಆ ದಿನದ ಅಭ್ಯಾಸ ಚೆನ್ನಾಗಿಯೇ ನಡೆದಿದೆ. ಓಡಿದ್ದು ಗೊತ್ತಾದ ಕೂಡಲೇ ತನ್ನನ್ನು ತಾನು ಬೈದುಕೊಳ್ಳುವುದು ಇನ್ನೊಂದು ಓಟವಷ್ಟೇ.

ವೈರಾಗ್ಯದ ಮಾತನ್ನು ಜನ ಬೇಗ ದಾಟಿಬಿಡುತ್ತಾರೆ, ಆದರೆ ಅಡಗಿರುವ ಕಾರಣ ಅಲ್ಲಿದೆ. ಮನಸ್ಸು ಎಲ್ಲಿಗೆ ಓಡುತ್ತದೆ ಎಂಬುದನ್ನು ಒಂದು ವಾರ ಗಮನಿಸಿ. ಅದು ಎಲ್ಲೆಂದರಲ್ಲಿಗೆ ಓಡುವುದಿಲ್ಲ, ನಾಲ್ಕೈದು ಜಾಗಗಳಿಗೇ ಹೋಗುತ್ತದೆ: ಯಾರೋ ಮಾಡಿದ ಅವಮಾನ, ತೀರದ ಸಾಲ, ಮಗನ ಪರೀಕ್ಷೆ, ಯಾರದೋ ಮೆಚ್ಚುಗೆಯ ಆಸೆ. ನನ್ನ ಸುಖ ಇಂಥದ್ದರಲ್ಲಿದೆ, ಅದು ತಪ್ಪಿದರೆ ನಾನು ಅಪೂರ್ಣ ಎಂಬ ಗಟ್ಟಿ ನಂಬಿಕೆಯೇ ಮನಸ್ಸನ್ನು ಅಲ್ಲಿಗೆ ಎಳೆಯುತ್ತದೆ. ಕಣ್ಣು ಮುಚ್ಚಿದಾಗ ಮಾತ್ರ ಅದರೊಡನೆ ಹೋರಾಡಿದರೆ ಸಾಲದು. ಕಣ್ಣು ತೆರೆದಿರುವಾಗ ವಿಚಾರ ಮಾಡಿ ಆ ನಂಬಿಕೆಯನ್ನು ಪರೀಕ್ಷಿಸಬೇಕು. ವೇದಾಂತ ವಿವೇಕವನ್ನು ಮೊದಲ ಸಾಧನವಾಗಿ ಎಣಿಸಿದ್ದು ಇದಕ್ಕೇ.

ಕೂತರೆ ತೂಕಡಿಕೆ ಬರುತ್ತದೆ.

ಮೊದಲು ನಿದ್ದೆ ಸಾಕಷ್ಟು ಆಗಿದೆಯೇ ನೋಡಿಕೊಳ್ಳಿ. ಬಹಳ ತಿನ್ನುವವನಿಗೂ ಏನೂ ತಿನ್ನದವನಿಗೂ, ಅತಿಯಾಗಿ ನಿದ್ರಿಸುವವನಿಗೂ ನಿದ್ದೆಗೆಡುವವನಿಗೂ ಯೋಗವಿಲ್ಲ ಎಂದು ಗೀತೆ (6.16) ನೇರವಾಗಿ ಹೇಳಿದೆ. ಹೊಟ್ಟೆಯ ಅರ್ಧ ಅನ್ನಕ್ಕೆ, ಕಾಲು ನೀರಿಗೆ, ಉಳಿದ ಕಾಲು ಗಾಳಿಯ ಸಂಚಾರಕ್ಕೆ ಎಂಬ ಹಳೆಯ ಲೆಕ್ಕವನ್ನು ಶಂಕರರು ಅಲ್ಲಿ ಉಲ್ಲೇಖಿಸುತ್ತಾರೆ. ರಾತ್ರಿಯ ಊಟಕ್ಕೆ ಇದನ್ನು ಅನ್ವಯಿಸಿ ನೋಡಿ, ಬೆಳಗಿನ ಕೂರುವಿಕೆಯಲ್ಲಿ ವ್ಯತ್ಯಾಸ ತಿಳಿಯುತ್ತದೆ.

ಗೌಡಪಾದರು ಮಾಂಡೂಕ್ಯ ಉಪನಿಷತ್ತನ್ನು ಶ್ಲೋಕಗಳಲ್ಲಿ ವಿವರಿಸುವ ಮಾಂಡೂಕ್ಯಕಾರಿಕೆಯ ಮೂರನೆಯ ಪ್ರಕರಣದಲ್ಲಿ ಈ ಅಡ್ಡಿಗಳನ್ನು ಕ್ರಮವಾಗಿ ಎಣಿಸಿದ್ದಾರೆ. ಮನಸ್ಸು ಲಯಕ್ಕೆ, ಅಂದರೆ ನಿದ್ದೆಗೆ ಜಾರಿದರೆ ಎಚ್ಚರಿಸು. ಚದುರಿದರೆ ಮತ್ತೆ ಶಮನಗೊಳಿಸು. ಒಳಗೆ ಅಂಟಿಕೊಂಡ ರಾಗದಿಂದ ಮಂಕಾಗಿ ನಿಂತಿದ್ದರೆ ಅದು ಕಷಾಯ, ಗುರುತಿಸಿಕೋ. ಸಮಸ್ಥಿತಿಗೆ ಬಂದರೆ ಅಲುಗಿಸಬೇಡ. ಹೊಸಬರಿಗೆ ಹೆಚ್ಚು ಕಾಡುವುದು ಮೊದಲೆರಡು. ತೂಕಡಿಕೆ ಬಂದಾಗ ಜಪವನ್ನು ಗಟ್ಟಿಯಾಗಿ ಹೇಳಿ, ಬೇಕಿದ್ದರೆ ಎದ್ದು ಮುಖ ತೊಳೆದು ಬನ್ನಿ.

ಬೆಳಕು ಕಂಡಿತು, ಮೈ ಹಗುರವಾಯಿತು, ತುಂಬಾ ಆನಂದವಾಯಿತು. ಇದೇ ಸಾಕ್ಷಾತ್ಕಾರವೇ?

ಅಲ್ಲ. ಹೆದರುವಂಥದ್ದೂ ಅಲ್ಲ. ಕಂಡದ್ದು ಏನೇ ಆಗಿರಲಿ, ಅದು ದೃಶ್ಯ. ನೀವು ಅದನ್ನು ಕಂಡವರು. ಬೆಳಕು ಬಂದಿತು, ಹೋಯಿತು. ಬಂದದ್ದನ್ನೂ ಹೋದದ್ದನ್ನೂ ತಿಳಿದದ್ದು ಯಾವುದೋ ಅದರ ಕಡೆಗೆ ವೇದಾಂತ ಬೆರಳು ತೋರಿಸುತ್ತಿದೆ. ಸಮಾಧಿಯಲ್ಲಿ ಸಿಗುವ ಸುಖದ ರುಚಿಗೂ ಅಂಟಿಕೊಳ್ಳಬೇಡ ಎಂದು ಗೌಡಪಾದರು ಮುಂದಿನ ಶ್ಲೋಕದಲ್ಲೇ ಹೇಳುತ್ತಾರೆ. ನಂತರದ ಗ್ರಂಥಗಳು ಇದನ್ನು ರಸಾಸ್ವಾದ ಎಂಬ ಹೆಸರಿನಿಂದ ನಾಲ್ಕನೆಯ ವಿಘ್ನವಾಗಿ ಎಣಿಸಿವೆ. ನಿನ್ನೆ ಸಿಕ್ಕ ಸುಖ ಇಂದು ಸಿಗಲಿಲ್ಲವೆಂದು ಕೊರಗುತ್ತಾ ಕೂರುವವರನ್ನು ನೋಡಿದರೆ ಈ ಎಚ್ಚರಿಕೆಯ ಬೆಲೆ ತಿಳಿಯುತ್ತದೆ.

ಸಾಕ್ಷಿಯಾಗಿರು ಎನ್ನುತ್ತಾರೆ. ಸಾಕ್ಷಿಯಾಗುವುದು ಹೇಗೆ?

ಸಾಕ್ಷಿ ಆಗಬೇಕಾಗಿಲ್ಲ, ಈಗಲೂ ಸಾಕ್ಷಿಯೇ. ಶೃಂಗೇರಿ ಪರಂಪರೆಯಲ್ಲಿ ಆದರದಿಂದ ಓದುವ ದೃಗ್ದೃಶ್ಯವಿವೇಕದ ಮೊದಲ ಶ್ಲೋಕ ಇದನ್ನು ಮೂರು ಹೆಜ್ಜೆಗಳಲ್ಲಿ ತೋರಿಸುತ್ತದೆ. ರೂಪ ಕಾಣುವಂಥದ್ದು, ಕಣ್ಣು ಕಾಣುವುದು. ಆ ಕಣ್ಣೂ ಮನಸ್ಸಿಗೆ ಗೋಚರ: ಕಣ್ಣು ಮಂಜಾಗಿದೆ, ಚುರುಕಾಗಿದೆ ಎಂದು ಮನಸ್ಸಿಗೆ ತಿಳಿಯುತ್ತದೆ. ಆ ಮನಸ್ಸಿನ ವೃತ್ತಿಗಳೂ ಸಾಕ್ಷಿಗೆ ಗೋಚರ: ಈಗ ಸಿಟ್ಟು ಇದೆ, ಈಗ ಇಲ್ಲ ಎಂಬುದು ನಮಗೆ ಗೊತ್ತಿದೆ. ಸಾಕ್ಷಿ ಮಾತ್ರ ಬೇರೆ ಯಾವುದಕ್ಕೂ ಗೋಚರವಲ್ಲ.

ಇಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವ ಜಾಗವೊಂದಿದೆ. ನಾನು ನನ್ನ ಯೋಚನೆಗಳನ್ನು ನೋಡುತ್ತಿದ್ದೇನೆ ಎಂದು ಹಣೆ ಬಿಗಿದು ಕಾವಲು ಕೂರುತ್ತಾರೆ. ಹಾಗೆ ಕಾವಲು ಕಾಯುತ್ತಿರುವುದು ಮನಸ್ಸೇ. ಅದು ಅರ್ಧ ಗಂಟೆಯಲ್ಲಿ ದಣಿಯುತ್ತದೆ. ದಣಿಯುವುದು ಸಾಕ್ಷಿಯಾಗಲು ಹೇಗೆ ಸಾಧ್ಯ? ದಣಿವನ್ನೂ ಪ್ರಯತ್ನವಿಲ್ಲದೆ ತಿಳಿಯುತ್ತಿರುವ ಅರಿವೊಂದಿದೆಯಲ್ಲ, ಅದು ಎಂದೂ ಆರಿದ್ದಿಲ್ಲ. ಮನಸ್ಸು ಯಾವುದನ್ನು ತಿಳಿಯಲಾರದೋ, ಯಾವುದರಿಂದ ಮನಸ್ಸೇ ತಿಳಿಯಲ್ಪಡುತ್ತದೆಯೋ ಅದೇ ಬ್ರಹ್ಮ ಎಂದು ಕೇನೋಪನಿಷತ್ತು ಹೇಳುವುದು ಇದನ್ನು ಕುರಿತೇ. ಜಪ ಮುಗಿದ ಮೇಲಿನ ಒಂದು ನಿಮಿಷದಲ್ಲಿ ಈ ವಿಚಾರವನ್ನು ಮೃದುವಾಗಿ ತಂದುಕೊಳ್ಳಿ. ಎಳೆದಾಡಬೇಡಿ.

"ಅಹಂ ಬ್ರಹ್ಮಾಸ್ಮಿ" ಎಂದು ಜಪ ಮಾಡಲೇ?

ಅರ್ಥ ತಿಳಿಯದೆ ಬೇಡ. ಅದು ಮಹಾವಾಕ್ಯ, ಜೀವ ಬ್ರಹ್ಮಗಳು ಒಂದೇ ಎಂದು ಸಾರುವ ಉಪನಿಷತ್ತಿನ ಮಾತು. ಅದನ್ನು ಕೇಳಿ ತಿಳಿಯಬೇಕು. ದೇಹಾಭಿಮಾನ ತುಂಬಿದ ಅಹಂಕಾರ ನಾನೇ ಬ್ರಹ್ಮ ಎಂದು ನೂರೆಂಟು ಸಲ ಹೇಳಿದರೆ ಅಹಂಕಾರವೇ ದಪ್ಪವಾಗುವ ಅಪಾಯವಿದೆ. ಆ ವಾಕ್ಯದ "ನಾನು" ಯಾವುದು, ಯಾವುದಲ್ಲ ಎಂಬ ವಿವೇಚನೆ ಗುರುಮುಖದಿಂದ ಆದ ನಂತರ, ಅದನ್ನೇ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳುವುದು ನಿದಿಧ್ಯಾಸನವಾಗುತ್ತದೆ.

ರಮಣ ಮಹರ್ಷಿಗಳಂತೆ "ನಾನು ಯಾರು" ಎಂದು ಕೇಳಿಕೊಂಡರೆ ಸಾಲದೇ?

ಯೋಗ್ಯತೆ ಇದ್ದವರಿಗೆ ಸಾಕು. 1896ರಲ್ಲಿ ಮಧುರೆಯಲ್ಲಿ, ಹದಿನಾರರ ಹರೆಯದಲ್ಲಿ, ಸಾವಿನ ಭಯವನ್ನೇ ಎದುರಿಟ್ಟುಕೊಂಡು ಸಾಯುವುದು ಯಾರು ಎಂದು ಒಳಹೊಕ್ಕವರು ಅವರು. ನಂತರ ಅರುಣಾಚಲಕ್ಕೆ ಬಂದು 1950ರಲ್ಲಿ ದೇಹ ಬಿಡುವವರೆಗೂ ಅಲ್ಲಿಯೇ ಇದ್ದರು. ಅವರು ಹೇಳಿದ ವಿಚಾರ ಪ್ರಶ್ನೆಯನ್ನು ಬಾಯಿಪಾಠದಂತೆ ಪುನರುಚ್ಚರಿಸುವುದಲ್ಲ. ನಾನು ಎಂಬ ವೃತ್ತಿ ಎಲ್ಲಿಂದ ಏಳುತ್ತದೆ ಎಂದು ಅದರ ಮೂಲಕ್ಕೆ ತಿರುಗುವುದು. ಮನಸ್ಸು ತುಸುವಾದರೂ ತಿಳಿಯಾಗದೆ ಇದು ಬರಿಯ ಮಾತಾಗಿ ಉಳಿಯುತ್ತದೆ. ಜಪ ಮತ್ತು ವಿಚಾರ ಒಂದಕ್ಕೊಂದು ವಿರೋಧವಲ್ಲ.

ನಮ್ಮದು ಮಾಧ್ವ ಮನೆತನ. ನಮಗೂ ಇದೆಲ್ಲ ಅನ್ವಯಿಸುತ್ತದೆಯೇ?

ಆಸನ, ನಿಯಮ, ಜಪ, ಮನಸ್ಸನ್ನು ಹಿಂದೆ ತರುವ ಅಭ್ಯಾಸ ಎಲ್ಲರಿಗೂ ಸಮಾನ. ಧ್ಯೇಯ ಮತ್ತು ಫಲದ ವಿಚಾರದಲ್ಲಿ ಭೇದವಿದೆ. ಮಧ್ವಾಚಾರ್ಯರ ಮತದಲ್ಲಿ ಗುಣಪೂರ್ಣನಾದ ವಿಷ್ಣುವೇ ಧ್ಯೇಯ, ಜೀವ ಎಂದೆಂದಿಗೂ ಅವನಿಂದ ಭಿನ್ನ, ಅವನ ಪ್ರಸಾದವಿಲ್ಲದೆ ಬಿಡುಗಡೆಯಿಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಬ್ರಹ್ಮಸೂತ್ರಕ್ಕೆ ಬರೆದ ಶ್ರೀಭಾಷ್ಯದಲ್ಲಿ ಧ್ಯಾನವನ್ನು ಎಣ್ಣೆಯ ಧಾರೆಯಂತೆ ಕಡಿಯದ ಸ್ಮೃತಿ ಎಂದೇ ವಿವರಿಸಿ, ಪ್ರೀತಿ ತುಂಬಿದ ಆ ಸ್ಮೃತಿಯನ್ನೇ ಭಕ್ತಿ ಎನ್ನುತ್ತಾರೆ. ಮೇಲೆ ಸಾಕ್ಷಿಯ ಬಗ್ಗೆ ಬರೆದದ್ದು ಅದ್ವೈತದ ರೀತಿ. ನಿಮ್ಮ ಪರಂಪರೆಯಲ್ಲಿ ನಿಷ್ಠೆಯಿದ್ದರೆ ಅಲ್ಲಿನ ಹಿರಿಯರನ್ನು ಕೇಳಿ, ಆ ಕ್ರಮದಲ್ಲೇ ಮುಂದುವರಿಯಿರಿ. ಮೂರನ್ನೂ ಕಲಸಿ ಒಂದು ಮಾಡುವುದರಿಂದ ಯಾವುದೂ ದಕ್ಕುವುದಿಲ್ಲ.

ಗುರು ಬೇಕೇ?

ನಾಮಜಪ ಆರಂಭಿಸಲು ಕಾಯಬೇಕಾಗಿಲ್ಲ. ಮಂತ್ರದೀಕ್ಷೆಗೆ, ಉಪನಿಷತ್ತಿನ ಅರ್ಥಕ್ಕೆ ಗುರು ಬೇಕೇ ಬೇಕು. ಹಣ ಕೊಟ್ಟರೆ ಇಷ್ಟು ದಿನಗಳಲ್ಲಿ ಜ್ಞಾನೋದಯ ಎನ್ನುವವರಿಂದ, ಪ್ರಶ್ನೆ ಕೇಳಿದರೆ ಸಿಡುಕುವವರಿಂದ ದೂರವಿರಿ. ಅರ್ಜುನ ಕೇಳಿದಷ್ಟು ಪ್ರಶ್ನೆಗಳನ್ನು ಕೇಳಲು ಶಿಷ್ಯನಿಗೆ ಅವಕಾಶವಿರಬೇಕು.

ಹೆಂಗಸರು ಮಾಡಬಹುದೇ? ಸಂಧ್ಯಾವಂದನೆ, ಉಪನಯನ ಇಲ್ಲದವರು?

ಮಾಡಬಹುದು. ಯಾವ ಆಶ್ರಮಕರ್ಮದ (ಬ್ರಹ್ಮಚಾರಿ, ಗೃಹಸ್ಥ ಮುಂತಾದವರಿಗೆ ಹೇಳಿದ ಕರ್ಮದ) ಚೌಕಟ್ಟಿಗೂ ಸೇರದವರಿಗೆ ಬ್ರಹ್ಮವಿದ್ಯೆಯಲ್ಲಿ ಅಧಿಕಾರವಿದೆಯೇ ಎಂಬ ಪ್ರಶ್ನೆಯನ್ನು ಬ್ರಹ್ಮಸೂತ್ರ (3.4.36) ಎತ್ತಿಕೊಂಡು ಇದೆ ಎಂದು ಉತ್ತರಿಸಿದೆ. ಅಲ್ಲಿ ಶಂಕರರು ಕೊಡುವ ಉದಾಹರಣೆಗಳು ರೈಕ್ವ ಮತ್ತು ವಾಚಕ್ನವಿ, ಅಂದರೆ ಗಾರ್ಗಿ. ಜಪ, ಉಪವಾಸ, ದೇವತಾರಾಧನೆ ಮುಂತಾದವುಗಳಿಂದ ಅವರಿಗೂ ಅನುಗ್ರಹವಿದೆ ಎಂದು ಮುಂದೆ ಹೇಳಿದ್ದಾರೆ. ಮುಟ್ಟಿನ ದಿನಗಳಲ್ಲಿ ಮನಸ್ಸಿನಲ್ಲಿ ಮಾಡುವ ಜಪವನ್ನು ನಿಲ್ಲಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಸಂಸಾರ, ಕಚೇರಿ, ಮಕ್ಕಳ ನಡುವೆ ಇದು ಸಾಧ್ಯವೇ?

ಧ್ಯಾನಯೋಗದ ಅಧ್ಯಾಯವನ್ನು ಕೃಷ್ಣ ಹೇಳಿದ್ದು ಒಬ್ಬ ಗೃಹಸ್ಥನಿಗೆ. ಯೋಗವನ್ನು ಏರಬಯಸುವವನಿಗೆ ಕರ್ಮವೇ ಸಾಧನ ಎಂದು ಆ ಅಧ್ಯಾಯದ ಮೊದಲ ಭಾಗದಲ್ಲೇ (6.3) ಇದೆ. ಅತ್ತೆಗೆ ಹೊತ್ತಿಗೆ ಮಾತ್ರೆ ಕೊಡುವುದು, ಕೆಲಸದಲ್ಲಿ ಮೋಸ ಮಾಡದಿರುವುದು, ಬಂದ ಫಲವನ್ನು ಪ್ರಸಾದವೆಂದು ತೆಗೆದುಕೊಳ್ಳುವುದು ಇವೆಲ್ಲ ಧ್ಯಾನಕ್ಕೆ ಅಡ್ಡಿಯಲ್ಲ, ಪೂರ್ವಸಿದ್ಧತೆ. ಹಗಲೆಲ್ಲ ಸುಳ್ಳು ಹೇಳಿ ಬೆಳಿಗ್ಗೆ ಕೂತರೆ ಆ ಸುಳ್ಳುಗಳೇ ಎದುರು ಬಂದು ನಿಲ್ಲುತ್ತವೆ.

ಮೊಬೈಲ್ ಆ್ಯಪ್ ಬಳಸಬಹುದೇ?

ಸಮಯ ಮುಗಿದಾಗ ಗಂಟೆ ಬಾರಿಸಲು ಬಳಸಿ. ಇಷ್ಟು ದಿನ ತಪ್ಪದೆ ಕೂತಿರಿ ಎಂದು ಲೆಕ್ಕ ತೋರಿಸುವ ಪುಟ ಬೇಡ.

ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಧ್ಯಾನ ಶುರು ಮಾಡಿದರೆ ನಿಲ್ಲಿಸಬಹುದೇ?

ದಯವಿಟ್ಟು ನಿಲ್ಲಿಸಬೇಡಿ. ಔಷಧದ ತೀರ್ಮಾನ ವೈದ್ಯರದ್ದು. ಧ್ಯಾನ ಶುರು ಮಾಡುವ ವಿಷಯವನ್ನೂ ಅವರಿಗೆ ತಿಳಿಸಿ. ಕಣ್ಣು ಮುಚ್ಚಿ ಕೂತಾಗ ಭಯ, ಗಾಬರಿ, ಹಳೆಯ ಆಘಾತದ ನೆನಪು ಹೆಚ್ಚಾದರೆ ಅಲ್ಲಿಗೇ ಎದ್ದುಬಿಡಿ. ಅದನ್ನು ಕರ್ಮ ಕಳೆಯುತ್ತಿದೆ ಎಂದು ಸಹಿಸಿಕೊಂಡು ಕೂರುವುದು ಸರಿಯಲ್ಲ. ಅಂಥ ದಿನಗಳಲ್ಲಿ ಭಜನೆ, ದೇವಸ್ಥಾನದ ಪ್ರದಕ್ಷಿಣೆ, ಗಟ್ಟಿಯಾಗಿ ಸ್ತೋತ್ರ ಓದುವುದು ಹೆಚ್ಚು ಹಿತ. ಉಸಿರು ಬಿಗಿಹಿಡಿಯುವ ಪ್ರಾಣಾಯಾಮವನ್ನು ಪುಸ್ತಕ ನೋಡಿ ಮಾಡಬೇಡಿ. ತುರ್ತಾಗಿ ಮಾತನಾಡಬೇಕೆನಿಸಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತನಾಡಬಹುದು.

ಮುಂದುವರಿಯುತ್ತಿದ್ದೇನೆ ಎಂದು ತಿಳಿಯುವುದು ಹೇಗೆ?

ಮನೆಯವರನ್ನು ನೋಡಿ. ಸಿಟ್ಟು ಬರುವುದು ನಿಲ್ಲದಿದ್ದರೂ ಬೇಗ ಇಳಿಯುತ್ತಿದೆಯೇ, ಬೇರೆಯವರ ನೋವು ನಿಮ್ಮ ನೋವಿನಷ್ಟೇ ನಿಜವೆಂದು ತೋರುತ್ತಿದೆಯೇ? ತನ್ನ ಹೋಲಿಕೆಯಿಂದ ಎಲ್ಲರ ಸುಖದುಃಖವನ್ನು ಸಮನಾಗಿ ಕಾಣುವವನೇ ಪರಮಯೋಗಿ ಎಂದು ಧ್ಯಾನದ ಅಧ್ಯಾಯವೇ (6.32) ಹೇಳುತ್ತದೆ. ಅಲ್ಲಿ ಎಷ್ಟು ಗಂಟೆ ಕೂತ ಎಂಬ ಮಾತೇ ಇಲ್ಲ.

ನಡುವೆ ಬಿಟ್ಟುಹೋದರೆ? ಎಷ್ಟೋ ಸಲ ಶುರು ಮಾಡಿ ನಿಲ್ಲಿಸಿದ್ದೇನೆ.

ನಡುವೆ ಬಿಟ್ಟವನು ಎರಡೂ ಕಡೆ ಸಲ್ಲದೆ ಚೆದುರಿದ ಮೋಡದಂತೆ ನಾಶವಾಗುವುದಿಲ್ಲವೇ ಎಂದು ಅರ್ಜುನ ಇದೇ ಆತಂಕದಿಂದ ಕೇಳುತ್ತಾನೆ. ಆಗ ಕೃಷ್ಣ ಅವನನ್ನು "ತಾತ" ಎಂದು, ಮಗುವನ್ನು ಕರೆಯುವಂತೆ ಪ್ರೀತಿಯಿಂದ ಕರೆದು, ಒಳ್ಳೆಯದನ್ನು ಮಾಡಿದ ಯಾರಿಗೂ ದುರ್ಗತಿಯಿಲ್ಲ ಎನ್ನುತ್ತಾನೆ (6.40). ಮಾಡಿದಷ್ಟು ಉಳಿದಿದೆ. ನಾಳೆ ಬೆಳಿಗ್ಗೆ ಹತ್ತು ನಿಮಿಷ ಕೂರಿ. ಬಿಟ್ಟ ದಿನಗಳ ಬಾಕಿ ತೀರಿಸಲು ಹೆಚ್ಚು ಹೊತ್ತು ಕೂರಬೇಡಿ.

ಮೊದಲು ಏನು ಓದಲಿ?

ಗೀತೆಯ 6ನೆಯ ಅಧ್ಯಾಯ, 47 ಶ್ಲೋಕಗಳು. ದಿನಕ್ಕೆ ಎರಡೇ ಶ್ಲೋಕ, ಅರ್ಥದೊಡನೆ, ಜಪ ಮುಗಿದ ಮೇಲೆ. ಶಾಂಕರಭಾಷ್ಯವನ್ನು ಕನ್ನಡದಲ್ಲೇ ಓದಬಯಸುವವರಿಗೆ ಹೊಳೆನರಸೀಪುರದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಪ್ರಕಟಿಸಿದ ಅನುವಾದಗಳಿವೆ. ಆಮೇಲೆ ಕಠ ಮತ್ತು ಕೇನ ಉಪನಿಷತ್ತುಗಳನ್ನು ಯಾರಾದರೂ ಪಾಠ ಹೇಳುವವರ ಬಳಿ ಕೇಳಿ. ಮಾಂಡೂಕ್ಯ ಹನ್ನೆರಡೇ ಮಂತ್ರಗಳಷ್ಟು ಚಿಕ್ಕದೆಂದು ಅದರಿಂದ ಆರಂಭಿಸಬೇಡಿ. ಕಾರಿಕೆಯೊಂದಿಗೆ ಅದು ಬಹಳ ಕಠಿಣ, ಒಂದೆರಡು ವರ್ಷ ಕಾಯಲಿ.